ಅಡುಗೆ ಮಾಡದ ಅಡುಗೆಮನೆ

ಹೊನ್ನಾಳಿಯ ಅರ್ಧ ಊರಿನ ಅಡುಗೆಮನೆಗಳಿಗೆ ಬಾಗಿಲು, ಕಪಾಟು ಮಾಡಿಕೊಟ್ಟ ನನ್ನೇಸಾಬರ ಸ್ವಂತ ಅಡುಗೆಮನೆಯಲ್ಲಿ ಒಂದು ಕಪಾಟೂ ಇರಲಿಲ್ಲ. ಕಡಪಾ ಕಲ್ಲಿನ ಕಟ್ಟೆ, ಅದರ ಕೆಳಗೆ ಹಳೆ ಸೀರೆ ಹರಿದು ಹೊಲಿದ ಪರದೆ, ಗೋಡೆಗೆ ಬಡಿದ ಎರಡು ಹಲಗೆ, ಹಲಗೆಯ ಮೇಲೆ ಡಬ್ಬಿಗಳ ಸಾಲು. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ಬಡಗಿಯ ಮನೆ ಅಂದರೆ ಅದೇ. ನನ್ನೇಸಾಬರ ಹೆಂಡತಿ ದಿಲ್‌ಶಾದ್ ಬೇಗಂ ನಲವತ್ತು ವರ್ಷ ಅದೇ ಹಲಗೆಯಿಂದ ಉಪ್ಪು ತೆಗೆದು ಅದೇ ಹಲಗೆಗೆ ಇಟ್ಟಿದ್ದರು. ಏಳು ವರ್ಷದ ಹಿಂದೆ ಸಂತೇಬೆನ್ನೂರಿನಿಂದ ಸೊಸೆಯಾಗಿ ಬಂದ ನುಜಹತ್‌ಗೆ ಗಂಡ ಫಯಾಜ್, ಈ ರಂಜಾನ್ ಕಳೆಯಲಿ, ನಮಗೂ ಕಪಾಟು ಮಾಡೋಣ ಎಂದಿದ್ದ. ಅಲ್ಲಿಂದ ಏಳು ರಂಜಾನ್ ಕಳೆದಿದ್ದವು.

ಈ ಮನೆಯಲ್ಲಿ ಪ್ರಾರ್ಥನೆಗೆ, ಮುದ್ದಿಗೆ ಉರ್ದು. ವ್ಯಾಪಾರಕ್ಕೆ, ಜಗಳಕ್ಕೆ ಕನ್ನಡ. ಆ ಮಳೆಗಾಲದಲ್ಲಿ ಮುದ್ದು ಕಡಿಮೆಯಾಗಿ ಜಗಳವೇ ಹೆಚ್ಚಾಗಿದ್ದರಿಂದ ಇದನ್ನು ಕನ್ನಡದಲ್ಲಿ ಹೇಳುವ ನನಗೆ ಅನುಕೂಲವಾಯಿತು.

ಶುರುವಾದದ್ದು ಹೀಗೆ. ಫಯಾಜ್ ಅಪ್ಪನಿಂದ ಉಳಿ ಹಿಡಿಯುವುದನ್ನು ಕಲಿತು, ದಾವಣಗೆರೆಯಲ್ಲಿ ಎರಡು ವರ್ಷ ದುಡಿದು ಮಷಿನ್ ಕೆಲಸ ಕಲಿತು ಬಂದವನು. ಮನೆಯ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿದ್ದ. ನ್ಯಾಮತಿ ರಸ್ತೆಯ ಒಂದು ಹೊಸ ಮನೆಗೆ ಬಾಗಿಲು, ಕಿಟಕಿ ಎಲ್ಲ ಅವನೇ ಮಾಡಿದ್ದ. ಅಡುಗೆಮನೆಯೂ ತನಗೇ ಸಿಗುತ್ತದೆ ಎಂದು ಪ್ಲೈವುಡ್ ಬೆಲೆ ಕೂಡ ವಿಚಾರಿಸಿ ಇಟ್ಟಿದ್ದ. ಮನೆಯ ಯಜಮಾನ ಮಾತ್ರ ಶಿವಮೊಗ್ಗದ ಶೋರೂಮಿಗೆ ಹೋಗಿ ಹೇಳಿ ಬಂದಿದ್ದ. ಕೇಳಿದ್ದಕ್ಕೆ, ನಿನ್ನ ಕೆಲಸದ ಮೇಲೆ ದೂರಿಲ್ಲ ಮಾರಾಯ ಎಂದು ಸಮಾಧಾನ ಮಾಡಿ, ಕೊನೆಗೆ ನಿಜ ಹೇಳಿದ: "ನಮ್ಮ ಮನೆಯವಳು ಅಲ್ಲಿ ಮುಟ್ಟಿ ನೋಡಿದ್ಲು. ನಿನ್ನತ್ರ ಮುಟ್ಟಿ ನೋಡಾಕೆ ಏನೈತೆ, ಫೋನಿನಾಗಿನ ಫೋಟೋ."

ಆ ಮಧ್ಯಾಹ್ನ ಫಯಾಜ್ ಊಟಕ್ಕೆ ಕೂತವನು ಮೊದಲನೇ ರೊಟ್ಟಿ ಮುಗಿಸುವ ಮೊದಲೇ ಹೇಳಿಬಿಟ್ಟ. ನಮ್ಮ ಅಡುಗೆಮನೆಯನ್ನೇ ಹೊಸ ನಮೂನೆ ಮಾಡುತ್ತೇನೆ, ಗಿರಾಕಿಗಳನ್ನು ಇಲ್ಲಿಗೇ ಕರೆದು ತೋರಿಸುತ್ತೇನೆ. ಅದೂ ಹಿಡಿಕೆ ಇಲ್ಲದ್ದು. ಈಗ ಎಲ್ಲರೂ ಕೇಳುವುದು ಅದನ್ನೇ.

ನುಜಹತ್ ಬದನೆಕಾಯಿ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನಿಂತಳು. ಅವಳಿಗೆ ಗಿರಾಕಿಯ ವಿಷಯ ಕಿವಿಗೆ ಬೀಳಲೇ ಇಲ್ಲ. ಕಪಾಟು ಬರುತ್ತದೆ ಎಂಬುದೊಂದೇ ಬಿತ್ತು. ನನ್ನೇಸಾಬರ ಕಿವಿಗೆ ಬಿದ್ದದ್ದು ಇನ್ನೊಂದು.

"ಹಿಡಿಕೆ ಇಲ್ದಂಗೆ ಬಾಗಿಲು ಹೆಂಗೆ ತೆಗೀತಾರೋ?" ಎಂದರು.

ಫಯಾಜ್ ಎಡಗೈಯಲ್ಲಿ ಫೋನು ತೆಗೆದು ತೋರಿಸಿದ. ಒಂದು ನಮೂನೆಯಲ್ಲಿ ಬಾಗಿಲನ್ನು ಬೆರಳಿನಿಂದ ಒತ್ತಿದರೆ ಒಳಗಿನ ಸ್ಪ್ರಿಂಗು ಅದನ್ನು ಹೊರಗೆ ದೂಡುತ್ತದೆ. ಇನ್ನೊಂದರಲ್ಲಿ ಬಾಗಿಲಿನ ಮೇಲಂಚಿನಲ್ಲಿ ಬೆರಳು ಹೋಗುವಷ್ಟು ಸಂದು ಇರುತ್ತದೆ, ಅಲ್ಲಿ ಬೆರಳು ಹಾಕಿ ಎಳೆಯಬೇಕು. ನನ್ನೇಸಾಬರಿಗೆ ಎರಡೂ ಸೇರಲಿಲ್ಲ. ತೇಗದ ತುಂಡಿನಲ್ಲಿ ಹಿಡಿಕೆ ಕೆತ್ತಿ, ಅಂಗೈಗೆ ಚುಚ್ಚದ ಹಾಗೆ ದುಂಡು ಮಾಡಿ ಹೆಸರು ತೆಗೆದುಕೊಂಡವರು ಅವರು. ಹಿಡಿಕೆ ಇಲ್ಲದ ಬಾಗಿಲು ಅಂದರೆ ಮೂಗಿಲ್ಲದ ಮುಖ ಎಂದು ತೀರ್ಪು ಕೊಟ್ಟು ಕೈ ತೊಳೆಯಲು ಎದ್ದರು. ದಿಲ್‌ಶಾದ್ ಬೇಗಂ ಅವರ ಚಿಂತೆ ಮಸಿಬಟ್ಟೆಯದು. ಹಿಡಿಕೆಯೇ ಇಲ್ಲದಿದ್ದರೆ ಮಸಿಬಟ್ಟೆ ಸಿಗಿಸುವುದು ಎಲ್ಲಿಗೆ?

ಅಷ್ಟು ಹೊತ್ತಿಗೆ ನುಜಹತ್ ಫೋನಿನ ಎರಡೂ ಚಿತ್ರ ನೋಡಿ ಮನಸ್ಸಿನಲ್ಲೇ ಅಡುಗೆ ಮಾಡಿ ಮುಗಿಸಿದ್ದಳು. ದಾವಣಗೆರೆಯಲ್ಲಿ ಅವಳ ಚಿಕ್ಕಮ್ಮನ ಮನೆಯ ಕಪಾಟುಗಳಿಗೆ ಉದ್ದುದ್ದ ಸ್ಟೀಲ್ ಹಿಡಿಕೆ, ಅತ್ತ ತಿರುಗಿದರೆ ದುಪಟ್ಟಾ ಸಿಕ್ಕಿಕೊಳ್ಳುತ್ತಿತ್ತು, ಇತ್ತ ತಿರುಗಿದರೆ ತೋಳು. ಹಿಡಿಕೆ ಬೇಡ ಎನ್ನುವುದಕ್ಕೆ ಅವಳ ಒಪ್ಪಿಗೆ ಇತ್ತು.

"ಸಂದು ಇರೋದು ಮಾಡ್ರಿ," ಎಂದಳು. "ಒತ್ತೋದು ಬ್ಯಾಡ. ಕೈಗೆ ಹಿಟ್ಟಾಗಿರ್ತೈತೆ, ಅರಿಶಿಣ ಆಗಿರ್ತೈತೆ. ಒತ್ತಿದ ಕಡೆಗೆಲ್ಲ ಅಚ್ಚು ಬೀಳ್ತೈತೆ."

ಫಯಾಜ್ ನಕ್ಕ. ಗಿರಾಕಿಗೆ ಬೇಕಾದದ್ದು ಗೋಡೆಯ ಹಾಗೆ ನುಣುಪಾಗಿ ಕಾಣುವ ಅಡುಗೆಮನೆ, ಸಂದು ಗಿಂದು ಕಂಡರೆ ಹಳೇ ಟ್ರಂಕಿನ ಹಾಗಿರುತ್ತದೆ ಎಂದ. ಜೊತೆಗೆ ಒಂದೊಂದು ಬಾಗಿಲಿಗೂ ಸಂದು ಕೊರೆಯುತ್ತ ಕೂತರೆ ಎರಡು ವಾರ ಹೆಚ್ಚಿಗೆ ಹಿಡಿಯುತ್ತದೆ. ಬಣ್ಣವೂ ಆಗಲೇ ಗೊತ್ತಾಗಿತ್ತು: ಹೊಳೆಯುವ ಬಿಳಿ. ಬಿಳಿ ಬೇಡ ಎಂದು ನುಜಹತ್ ಹೇಳಿದ್ದು ಅವನು ಕೈ ತೊಳೆಯುವ ನೀರಿನ ಸದ್ದಿನಲ್ಲಿ ಹೋಯಿತು. ಅವಳಿಗೆ ಬೇಸರವಾಯಿತು. ಆದರೂ ಏಳು ವರ್ಷದ ಮೇಲೆ ಬರುತ್ತಿರುವ ಕಪಾಟನ್ನು ಬಣ್ಣಕ್ಕಾಗಿ ನಿಲ್ಲಿಸುವಷ್ಟು ದಡ್ಡಿ ಅವಳಲ್ಲ.

ಮರುದಿನ ಗ್ಯಾಸ್ ಒಲೆ ಹಿತ್ತಲಿಗೆ ಹೋಯಿತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಾಲ್ಕು ಗಳ ನೆಟ್ಟು ತಗಡು ಹೊದಿಸಿ, ಒಂದು ಹದಿನೈದು ದಿನ ಸುಧಾರಿಸಿಕೊಳ್ಳಿ ಎಂದ ಫಯಾಜ್. ಹಗಲು ಬೇರೆಯವರ ಕೆಲಸ, ಸಂಜೆ ಮನೆಯ ಕೆಲಸ. ಅತ್ತೆ ಸೊಸೆ ಇಬ್ಬರೂ ಗಾಳಿಗೆ ಒಲೆ ಆರದ ಹಾಗೆ ಮುಚ್ಚಳ ಅಡ್ಡ ಹಿಡಿದು ಅನ್ನ ಸಾರು ಮಾಡಿದರು. ಕಡೆಗೆ ಒಂದು ಗುರುವಾರ ಕೆಲಸ ಮುಗಿಯಿತು. ಕೆಳಗೆ ಒಂಬತ್ತು ಬಾಗಿಲು, ಮೇಲೆ ಆರು, ಎಲ್ಲೂ ಒಂದು ಮೊಳೆಯ ತಲೆ ಕೂಡ ಕಾಣದು. ನೋಡಿದವರು ಬಾಗಿಲು ಯಾವುದು, ಗೋಡೆ ಯಾವುದು ಎಂದು ಕೇಳಬೇಕು, ಹಾಗಿತ್ತು. ಸುಳ್ಳೇಕೆ, ನುಜಹತ್‌ಗೂ ಕಣ್ಣು ತುಂಬಿ ಬಂತು. ಒಂದೊಂದೇ ಬಾಗಿಲು ಒತ್ತಿ ನೋಡಿದಳು. ಉಪ್ಪು ಇಲ್ಲಿ, ಬೇಳೆ ಇಲ್ಲಿ, ದೊಡ್ಡ ಪಾತ್ರೆ ಅಲ್ಲಿ ಎಂದು ಗೊತ್ತು ಮಾಡಿಕೊಂಡಳು. ಶುಕ್ರವಾರ ಹೊಸ ಅಡುಗೆಮನೆಗೆ ಒಳ್ಳೆಯದಾಗಲಿ ಎಂದು ಫಾತೆಹಾ ಓದಿಸಿದರು. ಅದಕ್ಕೆ ಬೇಕಾದ ಸಿಹಿಯನ್ನು ಮಾತ್ರ ಹಿತ್ತಲಿನಲ್ಲೇ ಮಾಡಿ ಒಳಗೆ ತಂದರು.

ಶನಿವಾರ ಬೆಳಿಗ್ಗೆ ನುಜಹತ್ ಒಲೆಯನ್ನು ಒಳಗೆ ತರಲು ಹೋದಾಗ ಫಯಾಜ್ ತಡೆದ. ಇನ್ನು ಎರಡು ವಾರ ತಡಿ, ಗಿರಾಕಿಗಳು ಬಂದು ನೋಡಿಕೊಂಡು ಹೋಗಲಿ, ಒಗ್ಗರಣೆಯ ಹೊಗೆ ಹತ್ತಿದರೆ ಬಾಗಿಲಿಗೆ ಅಂಟಿಸಿದ ಬಿಳಿ ಮೈಕಾ ಹಾಳೆ ಹಳದಿಯಾಗುತ್ತದೆ ಎಂದ.

ನಮ್ಮ ಕಡೆಯ ಜನಕ್ಕೆ ಒಂದು ರೋಗವಿದೆ. ಮನೆಗೆ ಒಳ್ಳೆ ವಸ್ತು ಬಂದರೆ ಅದನ್ನು ಬಳಸದೆ ಇಡುವುದೇ ಅದಕ್ಕೆ ಕೊಡುವ ಮರ್ಯಾದೆ ಎಂದು ತಿಳಿಯುತ್ತೇವೆ. ಸೋಫಾ ತಂದರೆ ಅದಕ್ಕೊಂದು ಬೆಡ್‌ಶೀಟು, ರಿಮೋಟಿಗೆ ಪ್ಲಾಸ್ಟಿಕ್ ಕವರು, ಗಾಜಿನ ಲೋಟ ಬಂದರೆ ಷೋಕೇಸಿನಲ್ಲಿ ಜೀವಾವಧಿ. ಹೊಸ ಅಡುಗೆಮನೆ ಮಾಡಿಸಿ ಹಿತ್ತಲಿನಲ್ಲಿ ಅಡುಗೆ ಮಾಡುವ ಮನೆಗಳನ್ನು ನಾನೇ ಹೊನ್ನಾಳಿಯಲ್ಲಿ ಐದಾರು ಎಣಿಸಿ ತೋರಿಸಬಲ್ಲೆ. ಹಾಗಾಗಿ ಫಯಾಜ್ ಹೇಳಿದ್ದು ಆ ಮನೆಯಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ, ನುಜಹತ್‌ಗೆ ಬಿಟ್ಟು.

ದಿಲ್‌ಶಾದ್ ಬೇಗಂ ಅಂತೂ ಕಾವಲಿಗೇ ನಿಂತರು. ಅಕ್ಕಪಕ್ಕದವರನ್ನು ಕರೆದು ತೋರಿಸುವುದು, ಅವರು ಹೋದ ಮೇಲೆ ಬೆರಳಿನ ಗುರುತು ಒರೆಸುವುದು. ನುಜಹತ್ ಒಮ್ಮೆ ನೀರಿನ ಕೊಡವನ್ನು ಆ ಕಟ್ಟೆಯ ಮೇಲೆ ಇಟ್ಟಿದ್ದಕ್ಕೆ, ಕಲೆ ಕೂರುತ್ತದೆ ಎಂದು ಬೈದರು. ನುಜಹತ್ ಕೊಡ ಎತ್ತಿಕೊಂಡು ಹಿತ್ತಲಿಗೆ ಹೋದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಅವಳಿಗೆ ಆ ದಿನ ಸರಿಯಾಗಿ ಅರ್ಥವಾಯಿತು.

ಎರಡು ವಾರ ಮೂರಾಯಿತು. ಮೂರು ಐದಾಯಿತು. ಮಳೆ ಹಿಡಿಯಿತು. ತಗಡಿನ ಅಂಚಿನಿಂದ ಸುರಿಯುವ ನೀರನ್ನು ದಾಟಿ, ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದು ಅವಳು ಸಾರಿನ ಪಾತ್ರೆ ಒಳಗೆ ತರುತ್ತಿದ್ದಳು. ಹೊಸ ಅಡುಗೆಮನೆಯ ನಡುವಿನಿಂದಲೇ ಹಾದು ಬರಬೇಕು. ಕೆಸರಿನ ಕಾಲು ಹೊರಗೇ ತೊಳೆದುಕೋ ಎಂದು ಒಳಗಿನಿಂದ ಕೂಗು ಬೇರೆ. ಒಂದು ದಿನ ಅನ್ನದ ಗಂಜಿ ಬಸಿಯುವಾಗ ಗಾಳಿ ಬೀಸಿ ಕೈ ಸುಟ್ಟುಕೊಂಡಳು. ಫಯಾಜ್ ಮುಲಾಮು ತಂದುಕೊಟ್ಟ. ಒಲೆಯನ್ನು ಮಾತ್ರ ಒಳಗೆ ತರಲಿಲ್ಲ.

ಗಿರಾಕಿಗಳೂ ಬಂದರು. ಮೊದಲು ಬಂದ ಗಂಡ ಹೆಂಡತಿ ಎಲ್ಲ ಬಾಗಿಲನ್ನೂ ಒತ್ತಿ ನೋಡಿ, ಫೋಟೋ ತೆಗೆದುಕೊಂಡು, ಹೇಳ್ತೀವಿ ಎಂದು ಹೋದರು. ಚನ್ನಗಿರಿಯಿಂದ ಬಂದ ಇನ್ನೊಬ್ಬರೂ ಹಾಗೇ ಹೋದರು. ಮೂರನೆಯವರಾಗಿ ಬಂದದ್ದು ನ್ಯಾಮತಿಯ ಹೈಸ್ಕೂಲ್ ಮೇಷ್ಟ್ರು ಗುರುಬಸವರಾಜ್. ಮನೆ ಕಟ್ಟಿಸುತ್ತಿದ್ದರು, ಜೊತೆಗೆ ತಾಯಿ ಕಸ್ತೂರಮ್ಮನನ್ನು ಕರೆತಂದಿದ್ದರು. ಫಯಾಜ್ ಈ ಕೆಲಸದ ಮೇಲೆ ಜೀವ ಇಟ್ಟುಕೊಂಡಿದ್ದ. ಇದೂ ತಪ್ಪಿದರೆ ಮತ್ತೆ ದಾವಣಗೆರೆಗೆ ಕೂಲಿಗೆ ಹೋಗುವುದೇ ಸೈ ಎಂದು ಹಿಂದಿನ ದಿನವೇ ಮನೆಯಲ್ಲಿ ಹೇಳಿದ್ದ.

ಮೇಷ್ಟ್ರು ನೋಡಿ ಮೆಚ್ಚಿದರು. ಫಯಾಜ್ ಸ್ಪ್ರಿಂಗು, ಕೀಲು, ಮೈಕಾ ಎಂದು ವಿವರಿಸುತ್ತ ಹೋದ. ಕುಳ್ಳಗೆ, ಗಟ್ಟಿಮುಟ್ಟಾಗಿದ್ದ ಕಸ್ತೂರಮ್ಮ ಒಂದು ಬಾಗಿಲು ಒತ್ತಿದರು. ಒಳಗೆ ಖಾಲಿ. ಇನ್ನೊಂದು ಒತ್ತಿದರು. ಅದೂ ಖಾಲಿ. ಬಗ್ಗಿ ಮೂಸಿ ನೋಡಿದರು. ಅಂಟಿನ ವಾಸನೆ ಬಿಟ್ಟರೆ ಬೇರೆ ಇಲ್ಲ. ಅದೇ ಹೊತ್ತಿಗೆ ನುಜಹತ್ ಹಿತ್ತಲ ಬಾಗಿಲಿನಿಂದ ಟೀ ತಟ್ಟೆ ಹಿಡಿದು ಒಳಗೆ ಬಂದಳು, ತಲೆಯ ಮೇಲಿನ ಚೀಲ ತೆಗೆಯುವುದನ್ನು ಮರೆತು.

ಕಸ್ತೂರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ನೀನು ಅಡಿಗೆ ಎಲ್ಲಿ ಮಾಡ್ತೀಯವ್ವ?"

ಫಯಾಜ್ ಹೆಂಡತಿಯ ಮುಖ ನೋಡಿದ. ಇಲ್ಲೇ ಮಾಡ್ತೀನಿ ಅನ್ನು ಎಂದು ಆ ನೋಟದ ಅರ್ಥ. ದಿಲ್‌ಶಾದ್ ಬೇಗಂ ಕೂಡ ಅದನ್ನೇ ಕಾಯುತ್ತಿದ್ದರು. ನುಜಹತ್‌ಗೆ ಸುಳ್ಳು ಬಾಯಿಗೆ ಬರಲಿಲ್ಲ. ಬಂದಿದ್ದರೂ ಮುಂಗೈ ಮೇಲಿನ ಬೊಬ್ಬೆ ಕಾಣುತ್ತಿತ್ತು.

"ಹಿತ್ತಲಾಗೆ ಮಾಡ್ತೀನಿ ಅಮ್ಮಾರೆ," ಎಂದಳು. "ಇದು ತೋರಿಸಾಕೆ ಇಟ್ಟಿರೋದು."

ಮೇಷ್ಟ್ರು ನಕ್ಕು ಮಾತು ತೇಲಿಸಲು ನೋಡಿದರು. ಕಸ್ತೂರಮ್ಮ ಬಿಡಲಿಲ್ಲ. ಹಿತ್ತಲಿಗೇ ಹೋಗಿ, ತಗಡು, ಒಲೆ, ಕಲ್ಲು ಎಲ್ಲ ನೋಡಿ ಬಂದರು. ಟೀ ಕುಡಿದು ಲೋಟ ಕೆಳಗಿಟ್ಟು ಫಯಾಜ್‌ಗೆ ಹೇಳಿದರು: "ನನ್ನ ಸೊಸೆ ಡ್ಯೂಟಿಗೆ ಹೋಗ್ತಾಳೆ, ನಮ್ಮನೇಲಿ ಅಡಿಗೆ ನಂದೇ. ನಿನ್ನ ಹೆಂಡ್ತಿನೇ ಅಡಿಗೆ ಮಾಡದ ಮನೇನ ನಾನು ಹೆಂಗೆ ನಂಬಲಪ್ಪ? ಬಾಗಿಲು ಚಂದಾಗೈತೆ. ಆದ್ರೆ ಅದು ಬಾಳಿಕೆ ಬರ್ತೈತೋ ಇಲ್ವೋ ನಿಂಗೇ ಗೊತ್ತಿಲ್ಲ."

ಅವರು ಹೋದ ಮೇಲೆ ಫಯಾಜ್ ಬೆಂಕಿಯಾದ. ಒಂದು ಮಾತು, ಒಂದೇ ಒಂದು ಮಾತು ಸುಳ್ಳು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಕೂಗಾಡಿದ. ಮನೆಯ ಅನ್ನಕ್ಕೆ ನೀನೇ ಮಣ್ಣು ಹಾಕಿದೆ ಎಂದೂ ಅಂದ. ನುಜಹತ್ ಅಳಲಿಲ್ಲ. ಸುಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೇಳಿದಳು: "ನಾನು ಸುಳ್ಳು ಹೇಳಿಲ್ಲ ಅಂತ ಸಿಟ್ಟು ಮಾಡ್ತೀರಿ. ನಾನು ಇಷ್ಟು ದಿನದಿಂದ ಮಳ್ಯಾಗೆ ನೆನೀತಾ ಇದೀನಿ, ಅದಕ್ಕೆ ಯಾರಿಗೆ ಸಿಟ್ಟು ಬಂತು ಈ ಮನೇಲಿ?"

ನನ್ನೇಸಾಬರು ಕನ್ನಡಕ ತೆಗೆದು ಒರೆಸಿದರು. ದಿಲ್‌ಶಾದ್ ಬೇಗಂ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಅಗಿಯುವುದನ್ನು ನಿಲ್ಲಿಸಿದ್ದರು.

ಮಾರನೇ ದಿನ ಬೆಳಿಗ್ಗೆ ನುಜಹತ್ ಹಿತ್ತಲಿಗೆ ಹೋದರೆ ಒಲೆ ಇಲ್ಲ. ಗಾಬರಿಯಾಗಿ ಒಳಗೆ ಬಂದು ನೋಡಿದಳು. ಹೊಸ ಅಡುಗೆಮನೆಯ ಕಟ್ಟೆಯ ಮೇಲೆ ಒಲೆ ಕೂತಿತ್ತು, ಒಲೆಯ ಮೇಲೆ ಎಸರು ಕುದಿಯುತ್ತಿತ್ತು, ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಈರುಳ್ಳಿ ಹೆಚ್ಚುತ್ತಿದ್ದರು. ಸಿಲಿಂಡರನ್ನು ಅರವತ್ತೆರಡರ ಆ ಹೆಂಗಸು ಒಬ್ಬರೇ ಉರುಳಿಸಿಕೊಂಡು ಬಂದಿದ್ದರು. ಸದ್ದಿಗೆ ಎದ್ದು ಬಂದ ಫಯಾಜ್, ಅಮ್ಮಿ, ಬಿಳಿ ಬಣ್ಣ ಎಂದು ಶುರು ಮಾಡಿದ.

"ಸುಮ್ನಿರು," ಎಂದರು ದಿಲ್‌ಶಾದ್ ಬೇಗಂ. "ನಿಮ್ಮಪ್ಪ ಊರಿಗೆಲ್ಲ ಬಾಗಿಲು ಮಾಡಿದ್ರು, ನಾನು ಪರದೆ ಕಟ್ಕೊಂಡು ಬಾಳೇವು ಮಾಡ್ದೆ. ನಂಗೆ ಕೇಳಾಕೆ ಬಾಯಿರಲಿಲ್ಲ. ಇವಳು ಕೇಳಿದ್ಲು, ನಾನು ಇವಳನ್ನೇ ಬೈದೆ. ಅದು ನನ್ನ ತಪ್ಪು. ಈರುಳ್ಳಿ ಹೊಗೆಗೆ ಹಳದಿ ಆಗೋದಾದ್ರೆ ಆಗ್ಲಿ."

ಒಗ್ಗರಣೆ ಬಿತ್ತು. ಸಾಸಿವೆ ಸಿಡಿಯಿತು. ನುಜಹತ್ ಅತ್ತೆಯ ಕೈಯಿಂದ ಚಾಕು ತೆಗೆದುಕೊಂಡಳು. ಇಬ್ಬರೂ ಆ ಹೊತ್ತು ಖುಷಿಯಾಗಿದ್ದರು.

ಖುಷಿ ಮಧ್ಯಾಹ್ನದವರೆಗೆ. ಹಿಟ್ಟು ನಾದಲು ಕಟ್ಟೆಗೆ ಒರಗಿದ ಕೂಡಲೇ ನುಜಹತ್‌ಳ ಮೊಣಕಾಲಿನ ಹತ್ತಿರದ ಬಾಗಿಲು ತಾನಾಗಿ ತೆರೆದು ಮಂಡಿಗೆ ಬಡಿಯಿತು. ಮುಚ್ಚಿ ಮತ್ತೆ ಒರಗಿದರೆ ಪಕ್ಕದ್ದು ತೆರೆಯಿತು. ಅಡುಗೆ ಮಾಡುವ ಹೆಂಗಸು ಕಟ್ಟೆಗೆ ಒರಗದೆ ನಿಲ್ಲುವುದುಂಟೆ? ಹಿಟ್ಟಿನ ಕೈಯಿಂದ ಒತ್ತಿದ ಕಡೆ ಹಿಟ್ಟಿನ ಅಚ್ಚು, ಅರಿಶಿಣದ ಕೈಯಿಂದ ಒತ್ತಿದ ಕಡೆ ಅರಿಶಿಣದ್ದು. ನಾಲ್ಕು ದಿನದಲ್ಲಿ ಅವಳ ಎರಡೂ ಮಂಡಿ ಕಪ್ಪಗಾದವು. ಫಯಾಜ್‌ಗೆ ಹೇಳಿದರೆ, ನಿಮಗೆ ಬಳಸಲು ಬರುವುದಿಲ್ಲ, ಸ್ವಲ್ಪ ದೂರ ನಿಂತು ಕೆಲಸ ಮಾಡಿ ಎಂದ. ನನ್ನೇಸಾಬರು, ನಾನು ಮೊದಲೇ ಹೇಳಿದ್ದೆ, ಹಿಡಿಕೆ ಇರಬೇಕಿತ್ತು ಎಂದರು. ದಿಲ್‌ಶಾದ್ ಬೇಗಂ ಇಬ್ಬರ ಮಾತನ್ನೂ ಕೇಳಿಸಿಕೊಂಡು ಒಂದು ಕಟ್ಟಪ್ಪಣೆ ಮಾಡಿದರು. ಬರುವ ಭಾನುವಾರ ಅಡುಗೆ ಫಯಾಜ್‌ನದು. ಅನ್ನ, ಮೊಟ್ಟೆ ಸಾರು, ಎಂಟು ರೊಟ್ಟಿ. ಯಾರೂ ಸಹಾಯಕ್ಕೆ ಹೋಗುವ ಹಾಗಿಲ್ಲ.

ಭಾನುವಾರ ಮೂವರೂ ನಡುಮನೆಯಲ್ಲಿ ಕೂತು ಕೇಳಿಸಿಕೊಂಡರು. ಮೊದಲು ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಾಗಿಲು ಬಡಿದ ಸದ್ದು, ಉರ್ದುವಿನಲ್ಲಿ ಒಂದು ಮಾತು. ಮತ್ತೆ ಬಾಗಿಲು, ಈ ಸಲ ಕನ್ನಡದಲ್ಲಿ ಒಂದು ಮಾತು, ಇಲ್ಲಿ ಬರೆಯುವಂಥದ್ದಲ್ಲ. ನನ್ನೇಸಾಬರು ಬಾಯಿಗೆ ಟವೆಲ್ಲು ಒತ್ತಿಕೊಂಡು ನಕ್ಕರು. ಒಂದು ಗಂಟೆಯ ಮೇಲೆ ಫಯಾಜ್ ಹೊರಗೆ ಬಂದಾಗ ಗಡ್ಡಕ್ಕೂ ಹಿಟ್ಟು ಹತ್ತಿತ್ತು. ರೊಟ್ಟಿ ಮೂರೇ ಆಗಿದ್ದವು, ಅದರಲ್ಲಿ ಒಂದು ರೊಟ್ಟಿಯಂತಿತ್ತು. ಮೊಟ್ಟೆ ಸಾರಿಗೆ ಉಪ್ಪಿರಲಿಲ್ಲ. ಉಪ್ಪಿನ ಡಬ್ಬಿಯ ಬಾಗಿಲು ಯಾವುದು ಎಂದು ಒತ್ತಿ ಒತ್ತಿ ಸಾಕಾಗಿ ಬಿಟ್ಟಿದ್ದನಂತೆ. ಎಲ್ಲರೂ ಸಪ್ಪೆ ಸಾರನ್ನೇ ಉಂಡರು.

ಉಂಡ ಮೇಲೆ ಅವನು ಮಂಡಿ ಉಜ್ಜಿಕೊಳ್ಳುತ್ತ ನುಜಹತ್‌ಳನ್ನು ಕೇಳಿದ: "ಸಂದು ಅಂದಿದ್ದೆಯಲ್ಲ, ಎಷ್ಟು ಬೇಕು?"

ಏಳು ವರ್ಷದಲ್ಲಿ ಮರದ ಕೆಲಸದ ವಿಷಯ ಅವನು ಅವಳನ್ನು ಕೇಳಿದ್ದು ಅದೇ ಮೊದಲು. ಅವಳು, ನೋಡಿ ಹೇಳುತ್ತೇನೆ ಎಂದಳು.

ಕೆಳಗಿನ ಒಂಬತ್ತೂ ಬಾಗಿಲು ಬಿಚ್ಚಿ ಶೆಡ್ಡಿಗೆ ಹೋದವು. ಅಲ್ಲಿ ಹೊಸ ತೊಡಕು. ಪ್ಲೈವುಡ್ಡಿನ ಅಂಚನ್ನು ಮಷಿನ್ನಿನಲ್ಲಿ ಕೊರೆದರೆ ಒಳಗಿನ ಪದರ ಬಾಯಿಬಿಡುತ್ತದೆ, ಅದರಲ್ಲಿ ನೀರು ಹೋದರೆ ಉಬ್ಬುತ್ತದೆ. ಫಯಾಜ್ ತಲೆ ಕೆರೆದುಕೊಂಡು ಕೂತಿದ್ದಾಗ ನನ್ನೇಸಾಬರು ಒಂದು ತೇಗದ ಪಟ್ಟಿ ಹಿಡಿದು ಬಂದರು. ಎಂದೋ ಯಾರದೋ ಬಾಗಿಲವಾಡದಲ್ಲಿ ಉಳಿದದ್ದು. ಬಾಗಿಲಿನ ಮೇಲಂಚಿಗೆ ಈ ಪಟ್ಟಿ ಕೂರಿಸು, ಸಂದನ್ನು ಇದರಲ್ಲಿ ತೆಗೆಯೋಣ, ಮರ ಬಾಯಿಬಿಡುವುದಿಲ್ಲ ಎಂದರು. ಹಿಡಿಕೆ ಬೇಕು ಅಂತಿದ್ದೆಯಲ್ಲ ಅಬ್ಬಾ ಎಂದು ಮಗ ಕೆಣಕಿದ.

"ಹಿಡಿಕೆ ಅಂದ್ರೆ ಹೊರಗೆ ಚಾಚ್ಕೊಂಡಿರೋ ತುಂಡು ಅಲ್ಲ ಕಣೋ," ಎಂದರು ಮುದುಕರು. "ಕೈ ಎಲ್ಲಿಗೆ ಹೋಗ್ತೈತೋ ಅದೇ ಹಿಡಿಕೆ. ಕೈ ಯಾರದು, ಅವಳನ್ನ ಕರಿ."

ನುಜಹತ್ ಆ ಶೆಡ್ಡಿನ ಒಳಗೆ ಕಾಲಿಟ್ಟವಳಲ್ಲ. ಟೀ ಕೊಡುವುದಿದ್ದರೂ ಹೊರಗಿನಿಂದಲೇ ಕೊಟ್ಟು ಹೋಗುತ್ತಿದ್ದಳು. ಮಾವ ಕರೆದರೆಂದು ಕೈಯಲ್ಲಿ ಹಿಟ್ಟು ಹಾಗೇ ಇರುವಾಗಲೇ ಬಂದಳು. ಹಾಗೇ ಬಂದದ್ದು ಒಳ್ಳೆಯದೇ ಆಯಿತು ಎಂದು ನನ್ನೇಸಾಬರು ಪಟ್ಟಿಯಲ್ಲಿ ತೆಗೆದ ಸಂದಿಗೆ ಬೆರಳು ಹಾಕಿ ಎಳೆಯಲು ಹೇಳಿದರು. ಬೆರಳಿನ ತುದಿ ಮಾತ್ರ ಹೋಯಿತು. ಇನ್ನೂ ಸ್ವಲ್ಪ ಆಳ ಬೇಕು ಎಂದಳು. ಕೊರೆದರು. ಉಗುರು ತಾಗುತ್ತದೆ ಎಂದಳು. ಉಳಿಯಿಂದ ಓರೆ ತೆಗೆದು, ಪಾಲಿಶ್ ಕಾಗದ ಸುತ್ತಿದ ಬೆರಳಿನಿಂದ ಒಳಗೆಲ್ಲ ತಿಕ್ಕಿದರು. ಸಂದಿನ ತಳ ಚೌಕವಾಗಿದ್ದರೆ ಹಿಟ್ಟು ಕೂತು ಜಿರಲೆ ಬರುತ್ತದೆ, ಒಂದೇ ಸಲ ಬಟ್ಟೆಯಲ್ಲಿ ಒರೆಸುವ ಹಾಗೆ ದುಂಡಗಿರಲಿ ಎಂದು ಹಿಂದಿನಿಂದ ದಿಲ್‌ಶಾದ್ ಬೇಗಂ ಹೇಳಿದರು. ಅವರು ಯಾವಾಗ ಬಂದು ನಿಂತರೋ ಯಾರೂ ನೋಡಿರಲಿಲ್ಲ. ನನ್ನೇಸಾಬರು ತಳವನ್ನು ದುಂಡಗೆ ಮಾಡಿದರು.

ಐದನೇ ಸಲಕ್ಕೆ ನುಜಹತ್‌ಳ ನಾಲ್ಕೂ ಬೆರಳು ಸಲೀಸಾಗಿ ಒಳಗೆ ಹೋದವು.

"ನಲವತ್ತು ವರ್ಷ ಹಿಡಿಕೆ ಮಾಡಿದೀನಿ," ಎಂದರು ನನ್ನೇಸಾಬರು, ಹೆಂಡತಿಯ ಕಡೆ ನೋಡದೆ. "ನನ್ನ ಕೈಗೆ ಹಿಡಿಸಿದ್ರೆ ಸಾಕು ಅನ್ಕೊಂಡಿದ್ದೆ."

ದಿಲ್‌ಶಾದ್ ಬೇಗಂ, ಊಟಕ್ಕೆ ಏಳಿ, ತಣ್ಣಗಾಗುತ್ತದೆ ಎಂದರು. ಆ ದಿನ ಮುದುಕರಿಗೆ ಮೀನಿನ ದೊಡ್ಡ ತುಂಡು ಬಿತ್ತು.

ಎಂಟು ದಿನದಲ್ಲಿ ಒಂಬತ್ತೂ ಬಾಗಿಲು, ಒಳಗಿನ ಸ್ಪ್ರಿಂಗು ಕಳಚಿಕೊಂಡು, ವಾಪಸು ಬಂದವು. ಬಿಳಿಯ ಮೇಲೆ ತೇಗದ ಕಂದು ಪಟ್ಟಿ ಎಳೆದ ಹಾಗೆ ಕಾಣುತ್ತಿತ್ತು. ಮೇಲಿನ ಆರು ಬಾಗಿಲಿಗೆ ಯಾರೂ ಒರಗುವುದಿಲ್ಲವಾದ್ದರಿಂದ ಒತ್ತಿ ತೆಗೆಯುವ ಬಗೆಯನ್ನೇ ಉಳಿಸಿಕೊಂಡರು, ಅದು ನುಜಹತ್‌ಳದೇ ತೀರ್ಮಾನ. ಮಸಿಬಟ್ಟೆಗೆ ಒಂದು ಮೊಳೆ ಹೊಡೆದದ್ದು ಅತ್ತೆಯ ತೀರ್ಮಾನ. ಫಯಾಜ್‌ಗೆ ಇಷ್ಟೆಲ್ಲ ಆದರೂ ನ್ಯಾಮತಿಗೆ ಫೋನು ಮಾಡಲು ಮುಖವಿರಲಿಲ್ಲ. ಅಂದು ಅಷ್ಟು ಅನ್ನಿಸಿಕೊಂಡ ಮೇಲೆ ಏನೆಂದು ಕರೆಯುವುದು ಎಂದು ದಿನ ದೂಡುತ್ತಿದ್ದ. ದಾವಣಗೆರೆಯ ಹಳೆ ಮಾಲೀಕನ ಹತ್ತಿರ ಒಂದು ಸಲ ಮಾತಾಡಿಯೂ ಇದ್ದ.

ಅವನು ಸ್ನಾನಕ್ಕೆ ಹೋದಾಗ ನುಜಹತ್ ಅವನ ಫೋನಿನಲ್ಲಿ ಮೇಷ್ಟ್ರ ನಂಬರು ಹುಡುಕಿ ಕರೆ ಮಾಡಿದಳು. ಅಮ್ಮನಿಗೆ ಕೊಡಿ ಎಂದಳು. ಕಸ್ತೂರಮ್ಮ ಫೋನಿಗೆ ಬಂದಾಗ, ಹಿಂದೆ ಮುಂದೆ ಏನೂ ಹೇಳದೆ, "ಈಗ ಒಳಗೇ ಅಡಿಗೆ ಮಾಡ್ತಾ ಇದೀವಿ ಅಮ್ಮಾರೆ, ಒಂದ್ಸಲ ಬಂದು ನೋಡ್ರಿ," ಎಂದಳು.

ಎರಡು ದಿನ ಬಿಟ್ಟು ಕಸ್ತೂರಮ್ಮ ಒಬ್ಬರೇ ಬಸ್ಸಿಗೆ ಬಂದರು, ಹೇಳದೆ ಕೇಳದೆ, ಹನ್ನೊಂದು ಗಂಟೆಗೆ, ಅಡುಗೆ ನಡುವಿನಲ್ಲಿರುವಾಗ. ಬೇಕೆಂದೇ ಆ ಹೊತ್ತಿಗೆ ಬಂದರು ಅಂತ ನನ್ನ ಲೆಕ್ಕ. ಕಟ್ಟೆಯ ಮೇಲೆ ಈರುಳ್ಳಿ ಸಿಪ್ಪೆ, ಒಲೆಯ ಸುತ್ತ ಎಣ್ಣೆ, ಒಂದು ಬಾಗಿಲಿನ ಮೇಲೆ ಒರೆಸಿದರೂ ಹೋಗದ ಅರಿಶಿಣದ ಕಲೆ. ಫಯಾಜ್ ಓಡಿ ಬಂದು ಬಟ್ಟೆ ತೆಗೆದುಕೊಂಡ. ಇರಲಿ ಬಿಡಪ್ಪ ಎಂದು ಕಸ್ತೂರಮ್ಮ ಕೈ ತೊಳೆದು, ಒರೆಸಿಕೊಳ್ಳದೆ, ಒದ್ದೆ ಬೆರಳನ್ನೇ ಸಂದಿಗೆ ಹಾಕಿ ಬಾಗಿಲು ಎಳೆದರು. ಕೊತ್ತಂಬರಿ ಬೀಜದ ಡಬ್ಬಿ ಕಂಡಿತು. ಇನ್ನೊಂದು ಎಳೆದರು, ಬೇಳೆ. ಆಮೇಲೆ ನುಜಹತ್‌ಳನ್ನು ಪಕ್ಕಕ್ಕೆ ಸರಿಸಿ, ಪರಾತದಲ್ಲಿದ್ದ ಹಿಟ್ಟನ್ನು ತಾವೇ ನಾದಲು ನಿಂತರು. ಕಟ್ಟೆಗೆ ಸೊಂಟ ಒತ್ತಿ ನಾಲ್ಕು ರೊಟ್ಟಿ ಬಡಿದರು. ಬಾಗಿಲು ಒಂದೂ ತೆರೆಯಲಿಲ್ಲ.

ಕೈ ತೊಳೆದುಕೊಳ್ಳುತ್ತ ಫಯಾಜ್‌ಗೆ ಹೇಳಿದರು: "ಇದೇ ನಮೂನೆ ಮಾಡು. ಅಳತೆ ತಗೊಳ್ಳಾಕೆ ಇವಳನ್ನೂ ಕರ್ಕೊಂಡು ಬಾ. ನೀನೊಬ್ಬನೇ ಬರಬ್ಯಾಡ."

ಫಯಾಜ್ ಆಗಲಿ ಎಂದ.

ಮುಂದಿನ ಭಾನುವಾರ ಗಂಡ ಹೆಂಡತಿ ಬೈಕಿನಲ್ಲಿ ನ್ಯಾಮತಿಗೆ ಹೋದರು. ಮೇಷ್ಟ್ರ ಮನೆ ಇನ್ನೂ ಗಾರೆ ಕಾಣದ ಗೋಡೆಗಳ ಹಂತದಲ್ಲಿತ್ತು. ಫಯಾಜ್ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದ. ಕಟ್ಟೆಯ ಎತ್ತರ ಬಂದಾಗ ಅಳೆಯುವ ಗೋಜಿಗೇ ಹೋಗದೆ ಮೂವತ್ತನಾಲ್ಕು ಇಂಚು ಎಂದು ಪುಸ್ತಕದಲ್ಲಿ ಬರೆದ. ಎಲ್ಲರ ಮನೆಗೂ ಅಷ್ಟೇ.

ನುಜಹತ್ ಅದನ್ನು ನೋಡಿ, ಮೂಲೆಯಲ್ಲಿ ಒಟ್ಟಿದ್ದ ಇಟ್ಟಿಗೆಗಳನ್ನು ಎರಡು ಕಂಬದ ಹಾಗೆ ಮೂವತ್ತನಾಲ್ಕು ಇಂಚಿನವರೆಗೆ ಜೋಡಿಸಿ ಮೇಲೆ ಒಂದು ಹಲಗೆ ಹಾಕಿದಳು. ಕಸ್ತೂರಮ್ಮನನ್ನು ಮುಂದೆ ನಿಲ್ಲಿಸಿ, ರೊಟ್ಟಿ ಬಡಿಯುವ ಹಾಗೆ ಬಡಿಯಿರಿ ಎಂದಳು. ಕಸ್ತೂರಮ್ಮ ಖಾಲಿ ಹಲಗೆಯ ಮೇಲೆ ಬಡಿದರು. ಮೊಣಕೈ ಮೇಲೆದ್ದು ಭುಜ ಕಿವಿಯ ಹತ್ತಿರ ಬಂತು. ನುಜಹತ್ ಎರಡೂ ಕಡೆಯಿಂದ ಒಂದೊಂದು ಇಟ್ಟಿಗೆ ತೆಗೆಸಿ ಮತ್ತೆ ಬಡಿಯಲು ಹೇಳಿದಳು. ಈ ಸಲ ಭುಜ ಇಳಿಯಿತು, ಅಂಗೈ ಪೂರಾ ಹಲಗೆಗೆ ಕೂತಿತು. ಅವಳು ಟೇಪು ಇಳಿಬಿಟ್ಟು ನೋಡಿದಳು.

"ಮೂವತ್ತೊಂದು ಬರ್ಕೊಳ್ರಿ," ಎಂದಳು ಗಂಡನಿಗೆ.

ಮೇಷ್ಟ್ರಿಗೆ ಸಮಾಧಾನವಾಗಲಿಲ್ಲ. ತಾವು ನಾಲ್ಕಾರು ಕಡೆ ನೋಡಿದ್ದಾಗಿ, ಎಲ್ಲ ಕಡೆಯೂ ಮೂವತ್ತನಾಲ್ಕೇ ಇದೆ ಎಂದು ಹೇಳಿ, ಅದು ಅಳತೆಯ ಪ್ರಕಾರ ಸರಿಯಾಗುತ್ತದೆಯೇ ಎಂದು ಫಯಾಜ್‌ನನ್ನು ಕೇಳಿದರು. ನುಜಹತ್ ಗಂಡನ ಮುಖ ನೋಡಲಿಲ್ಲ. ಟೇಪನ್ನು ಹಿಡಿದುಕೊಂಡೇ ಕಾದಳು.

"ಅಡಿಗೆ ನೀವು ಮಾಡ್ತೀರಾ ಸಾರ್?" ಎಂದ ಫಯಾಜ್.

ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿ ನಕ್ಕರು. ಫಯಾಜ್ ಪೆನ್ಸಿಲಿನಿಂದ ಮೂವತ್ತನಾಲ್ಕನ್ನು ಹೊಡೆದು ಮೂವತ್ತೊಂದು ಎಂದು ಬರೆದ. ಆಮೇಲೆ ಪುಸ್ತಕವನ್ನು ಹೆಂಡತಿಯ ಕೈಗೆ ಕೊಟ್ಟು, ಟೇಪಿನ ಇನ್ನೊಂದು ತುದಿ ಹಿಡಿಯಲು ಹೋದ.